ಹಕ್ಕಿ ತಿನ್ನಬಹುದು, ಮನುಷ್ಯ ತಿನ್ನಬಾರದು!

1999ರ ಆಗಸ್ಟ್. ಕೆನಡಾದಿಂದ ಬಂದ ಒಂದು ಲೋಡನ್ನು ಅಮೆರಿಕದ ಕಸ್ಟಮ್ಸ್‌ನವರು ಡೆಟ್ರಾಯ್ಟ್ ಗಡಿಯಲ್ಲಿ ಹಿಡಿದು ನಿಲ್ಲಿಸಿದರು. ಒಳಗಿದ್ದದ್ದು ಸುಮಾರು 20 ಟನ್ ಹೆಂಪ್ ಬೀಜ. ಕಳ್ಳಸಾಗಣೆ ಅಂದ್ಕೋಬೇಡಿ. ಹಕ್ಕಿಗಳಿಗೆ ಹಾಕುವ ಕಾಳು ಅದು, ಮೊಳಕೆ ಬಾರದಂತೆ ಸಂಸ್ಕರಿಸಿದ್ದು.

ಹೆಂಪ್ ಗಾಂಜಾ ಗಿಡದ ಜಾತಿಯದ್ದೇ, ನಿಜ. ಆದರೆ ನಾರಿಗೆ, ಬೀಜಕ್ಕೆ ಅಂತ ಬೆಳೆಯೋ ತಳಿ. ನಶೆ ಏರಿಸುವ ಟಿಎಚ್‌ಸಿ ಇದರ ಬೀಜದಲ್ಲಿ ಲೆಕ್ಕಕ್ಕಿಲ್ಲದಷ್ಟು ಕಡಿಮೆ.

ಹಾಗಾದ್ರೆ ತಡೆದದ್ದು ಯಾಕೆ? ಇದಕ್ಕೆ 1937ಕ್ಕೆ ಹೋಗಬೇಕು. ಆ ವರ್ಷ ಅಮೆರಿಕದ ಸಂಸತ್ತು ಗಾಂಜಾ ಮೇಲೆ ತೆರಿಗೆ ಕಾಯ್ದೆ ತಂತು. ಹೆಸರಿಗೆ ತೆರಿಗೆ, ಉದ್ದೇಶ ನಿಷೇಧ. ವಿಚಾರಣೆ ವೇಳೆ ಹಕ್ಕಿಕಾಳು ವ್ಯಾಪಾರಿಗಳ ಪ್ರತಿನಿಧಿಯೊಬ್ಬರು ಎದ್ದು ನಿಂತರು. ಈ ಬೀಜ ಇಲ್ಲದಿದ್ರೆ ಪಾರಿವಾಳಗಳ ಪುಕ್ಕ ಚೆನ್ನಾಗಿ ಬರಲ್ಲ, ಬದಲಿಗೆ ಬೇರೆ ಕಾಳು ಆಗಲ್ಲ ಅನ್ನೋದು ಅವರ ವಾದ. ಸಂಸತ್ತು ಕೇಳಿಸಿಕೊಂಡಿತು! ಬಲಿತ ಕಾಂಡ, ನಾರು, ಬೀಜದ ಎಣ್ಣೆ, ಹಿಂಡಿ, ಮೊಳಕೆ ಬಾರದ ಬೀಜ ಇವೆಲ್ಲ ಕಾಯ್ದೆಯ ವ್ಯಾಖ್ಯೆಯಿಂದ ಹೊರಗೆ ಅಂತ ಬರೆದಿಟ್ಟಿತು. 1970ರ ಹೊಸ ಮಾದಕವಸ್ತು ಕಾಯ್ದೆಗೂ ಆ ವಿನಾಯಿತಿ ಹಾಗೇ ಬಂತು. ನಡುವೆ 1942ರಲ್ಲಿ ಯುದ್ಧಕ್ಕೆ ಹಗ್ಗ ಬೇಕಾದಾಗ ಅದೇ ಸರ್ಕಾರ ಹೆಂಪ್ ಬೆಳೀರಿ ಅಂತ ರೈತರಿಗೆ ಸಿನಿಮಾ ಮಾಡಿ ತೋರಿಸಿತು. ಅದು ಬೇರೆ ಕತೆ ಬಿಡಿ.

ಡೆಟ್ರಾಯ್ಟ್‌ನ ಕಾಳು ಕೊನೆಗೆ ಬಿಡುಗಡೆ ಆಯಿತು, ಆದರೆ ಜಗಳ ಮುಗೀಲಿಲ್ಲ. 2001ರ ಅಕ್ಟೋಬರ್ 9ರಂದು ಮಾದಕವಸ್ತು ನಿಯಂತ್ರಣ ಸಂಸ್ಥೆ ಡಿಇಎ ಒಂದು ನಿಯಮ ಹೊರಡಿಸಿತು: ಟಿಎಚ್‌ಸಿ ಎಷ್ಟೇ ಇರಲಿ, ಮನುಷ್ಯನ ಹೊಟ್ಟೆಗೆ ಹೋಗುವ ಹೆಂಪ್ ಪದಾರ್ಥ ನಿಷಿದ್ಧ. ಅಂಗಡಿಯವರಿಗೆ ದಾಸ್ತಾನು ಖಾಲಿ ಮಾಡೋಕೆ 120 ದಿನ. ಅಂಗಿ, ಹಗ್ಗ, ಸೋಪಿಗೆ ತೊಂದರೆ ಇಲ್ಲ. ಪಶು ಆಹಾರಕ್ಕೂ ಇಲ್ಲ. ಅಂದರೆ ಹಕ್ಕಿ ತಿನ್ನಬಹುದು, ನೀವು ತಿನ್ನಬಾರದು.

ನಾನು ಓದಿದ್ದು ಇಂಜಿನಿಯರಿಂಗ್. ಅಳತೆಯಲ್ಲಿ 'ಸೊನ್ನೆ' ಅಂದರೆ ನಮ್ಮ ಉಪಕರಣಕ್ಕೆ ಕಾಣಿಸಲಿಲ್ಲ ಅಂತ ಅಷ್ಟೇ. ಉಪಕರಣ ಸೂಕ್ಷ್ಮ ಆದಷ್ಟೂ ನಿನ್ನೆಯ ಸೊನ್ನೆ ಇವತ್ತು ಅಪರಾಧ ಆಗಿಬಿಡುತ್ತೆ. ಮಿತಿಯೇ ಇಲ್ಲದ ನಿಯಮ ಗಡಿಯಲ್ಲಿ ನಿಂತ ಅಧಿಕಾರಿಯ ಕೈಗೆ ಕೊಡೋದು ಕಾನೂನಲ್ಲ, ಖಾಲಿ ಚೆಕ್ಕು.

ವ್ಯಾಪಾರಿಗಳು ಕೋರ್ಟಿಗೆ ಹೋದರು. 2004ರ ಫೆಬ್ರವರಿ 6ರಂದು ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಡಿಇಎ ವಿರುದ್ಧ ತೀರ್ಪು ಕೊಟ್ಟಿತು. ಸಂಸತ್ತು ಹೊರಗಿಟ್ಟಿದ್ದನ್ನು ಸಂಸ್ಥೆ ತನ್ನಷ್ಟಕ್ಕೆ ಒಳಗೆ ಎಳ್ಕೊಳ್ಳೋ ಹಾಗಿಲ್ಲ ಅನ್ನೋದೇ ಅದರ ಸಾರ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ.

ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಓದಿ ನೋಡಿ. ಗಾಂಜಾ ಅಂದರೆ ಹೂ, ಕಾಯಿ ಬಿಟ್ಟ ತುದಿ; ತುದಿಯ ಜೊತೆಗಿಲ್ಲದ ಬೀಜ, ಎಲೆ ಅದರಲ್ಲಿ ಸೇರಲ್ಲ. ಇಷ್ಟು ಸ್ಪಷ್ಟವಾಗಿದ್ದರೂ ಹೆಂಪ್ ಬೀಜ ಆಹಾರ ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಮಾನದಂಡ ಪ್ರಕಟಿಸಿದ್ದು 2021ರಲ್ಲಿ.