ನಮ್ಮನೆ ಇತಿಹಾಸ: ದೊಡ್ಡಪ್ಪ ನಡೆದ ದಾರಿ

1.
ಮೊದಲನೇ ಫೋಟೋ ನೋಡಿ. ರಾಗಿ ಹೊಲದ ಬದುವಿನ ಮೇಲೆ ಕೋಲು ಹಿಡಿದು ನಡೀತಿರೋರು ನಮ್ಮ ದೊಡ್ಡಪ್ಪ. ಹೋದ ತಿಂಗಳು ತೀರಿಕೊಂಡರು. 82 ವರ್ಷ. ಊರಿಗೆಲ್ಲ ‘ಮಿಲಿಟ್ರಿ ಅಣ್ಣ’. ನಮಗೆ, ರಜೆಗೆ ಹೋದಾಗ ಕಡಲೆ ಮಿಠಾಯಿ ಕೊಡಿಸೋ ದೊಡ್ಡಪ್ಪ.

ಅವರದ್ದೊಂದು ಅಭ್ಯಾಸ ಇತ್ತು. ಬೆಳೆ ಕೊಯ್ದ ಬೋಳು ಹೊಲದಲ್ಲೂ ಅಡ್ಡ ಹಾಯ್ತಿರಲಿಲ್ಲ. ಜನ ನಡೆದು ಸವೆದ ದಾರಿಯಲ್ಲೇ ಹೋಗೋರು. “ನಾನು ಕಾಲಿಟ್ಟಲ್ಲೇ ಕಾಲಿಡ್ರೋ” ಅಂತ ನಮಗೂ ಹೇಳೋರು. ನಾನು ಅದನ್ನ ಅಣಕಿಸಿ ರೀಲ್ ಮಾಡಿದ್ದೆ. ನಿಮ್ಮಲ್ಲಿ ಸುಮಾರು ಜನ ನೋಡಿ ನಕ್ಕಿದ್ದೀರಿ.

2.
ದೊಡ್ಡಪ್ಪ ಇದ್ದದ್ದು ಮದ್ರಾಸ್ ಇಂಜಿನಿಯರ್ ಗ್ರೂಪ್‌ನಲ್ಲಿ. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಹೋಗುವಾಗ ಕಾಣುತ್ತಲ್ಲ, ಅದೇ ಸೆಂಟರ್. 1780ರಲ್ಲಿ ಶುರುವಾದ ಪಡೆ. ಇವರನ್ನ ಸ್ಯಾಪರ್‌ಗಳು ಅಂತಾರೆ. ಸೇತುವೆ ಕಟ್ಟೋದು, ರಸ್ತೆ ಮಾಡೋದು, ಶತ್ರು ಹೂತಿಟ್ಟ ನೆಲಬಾಂಬ್ ತೆಗೆಯೋದು ಇವರ ಕೆಲಸ. ಇವರು ದಾರಿ ಮಾಡಿಕೊಟ್ಟ ಮೇಲೇ ಟ್ಯಾಂಕು ಮುಂದಕ್ಕೆ.

3.
1971ರ ಡಿಸೆಂಬರ್ 16 ಅಂದ್ರೆ ನಮಗೆ ನೆನಪಾಗೋದು ಢಾಕಾ, ಶರಣಾದ ಸುಮಾರು 93,000 ಜನ. ಪರೀಕ್ಷೆಗೆ ಆ ಪಾಠ ಜೋರಾಗಿ ಓದ್ತಿದ್ದೆ. ದೊಡ್ಡಪ್ಪ ಜಗುಲಿಯಿಂದಲೇ ಅಂದ್ರು: “ಆವತ್ತು ನಾವು ಢಾಕಾದಲ್ಲಿ ಇರಲಿಲ್ಲ ಮಗಾ. ಬಸಂತರ್‌ನಲ್ಲಿದ್ವಿ.”

ಬಸಂತರ್ ಒಂದು ನದಿ. ಪಶ್ಚಿಮ ಗಡಿಯ ಶಕರ್‌ಗಢ ವಲಯ. ಡಿಸೆಂಬರ್ 15ರ ರಾತ್ರಿ ನಮ್ಮ ಕಾಲಾಳುಗಳು ನದಿ ದಾಟಿ ಆಚೆ ದಡ ಹಿಡಿದಿದ್ರು. ಅವರಿಗೆ ಆಸರೆಯಾಗಿ ಟ್ಯಾಂಕು ಹೋಗಬೇಕು. ಮಧ್ಯೆ ನೆಲದ ತುಂಬ ಬಾಂಬು. ಸ್ಯಾಪರ್‌ಗಳ ಕೆಲಸ ಅರ್ಧ ಮುಗಿದಿತ್ತು, ಅಷ್ಟರಲ್ಲಿ ಶತ್ರು ಟ್ಯಾಂಕುಗಳ ಓಡಾಟದ ಸುದ್ದಿ ಬಂತು. ಪೂನಾ ಹಾರ್ಸ್‌ನವರು ಇನ್ನು ಕಾಯಲಿಲ್ಲ, ಬಾಂಬು ಪೂರ್ತಿ ತೆಗೆಯದ ನೆಲದಲ್ಲೇ ನುಗ್ಗಿದರು. ಮರುದಿನ ಆ ಕಾಳಗದಲ್ಲಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಅರುಣ್ ಖೇತ್ರಪಾಲ್ ಹೆಸರು ನೀವು ಕೇಳಿರ್ತೀರಿ. ವಯಸ್ಸು 21. ದಾರಿ ಮಾಡಿದ ಇಂಜಿನಿಯರ್ ಪಡೆಯ ಮೇಜರ್ ವಿಜಯ್ ರತ್ತನ್ ಚೌಧರಿ ಹೆಸರು ಕೇಳಿದ್ದೀರಾ? ಅವರಿಗೂ ಮರಣೋತ್ತರ ಮಹಾವೀರ ಚಕ್ರ ಬಂತು. ನಾನು ಕೇಳಿರಲಿಲ್ಲ.

“ಭಯ ಆಗ್ಲಿಲ್ವಾ?” ಅಂದೆ. “ಕೈಗೆ ಚಳಿ ಆಗ್ತಿತ್ತು. ಕೈ ನಡುಗಬಾರ್ದಲ್ಲ, ಅದೇ ಯೋಚನೆ” ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, “ಮುಂದೆ ಹೋದೋನು ಕಾಲಿಟ್ಟ ಜಾಗ ಗಟ್ಟಿ. ಪಕ್ಕದ್ದು ಗೊತ್ತಿಲ್ಲ” ಅಂದ್ರು.

ಆವತ್ತು ರಾತ್ರಿ ಆ ರೀಲ್ ತೆಗೆದುಹಾಕಿದೆ. ಅವರ ಹತ್ರ ಕ್ಷಮೆ ಮಾತ್ರ ಕೇಳಲಿಲ್ಲ. ನಾಳೆ ಕೇಳೋಣ ಅಂದ್ಕೊಂಡೇ ಒಂದು ವರ್ಷ ಹೋಯ್ತು.

4.
ಕೊನೇ ಫೋಟೋ ಮಣ್ಣಿನ ದಿನದ್ದು. ಹೊತ್ತವರು ಹತ್ತಿರ ಆಗುತ್ತೆ ಅಂತ ಹೊಲದಲ್ಲಿ ಅಡ್ಡ ಹೊರಟ್ರು. ನಾನು ತಡೆದೆ. “ದಾರಿಯಲ್ಲೇ ಹೋಗೋಣ” ಅಂದೆ. ಯಾರೂ ಯಾಕೆ ಅಂತ ಕೇಳಲಿಲ್ಲ.

ನಿಮ್ಮನೆಯಲ್ಲೂ ಇಂಥ ಒಬ್ಬರು ಇರಬಹುದು. ನೀವು ನಗೋ ಅಭ್ಯಾಸ ಏನಾದ್ರೂ ಅವರಿಗಿದ್ರೆ, ಅದು ಎಲ್ಲಿಂದ ಬಂತು ಅಂತ ಈ ಭಾನುವಾರವೇ ಕೇಳಿ. ಹೇಳಿದ್ದನ್ನ ಬರೆದಿಡಿ.