ಹದಿನಾರಾಣೆ ಸ್ವಾತಂತ್ರ್ಯ



ತಿಪಟೂರಿನ ಹಳೆಯ ಮನೆ ಖಾಲಿ ಮಾಡುವಾಗ ಅಜ್ಜಿಯ ಎಲೆಅಡಿಕೆ ಡಬ್ಬಿಯಲ್ಲಿ ಒಂದಿಷ್ಟು ನಾಣ್ಯಗಳು ಸಿಕ್ಕವು. ನೂರು ವರ್ಷ ದಾಟಿದವನ್ನು ಭಾರತದಿಂದ ಹೊರಗೆ ಒಯ್ಯಲು 1972ರ ಪ್ರಾಚ್ಯವಸ್ತು ಕಾಯಿದೆ ಬಿಡುವುದಿಲ್ಲ. ಹಾಗಾಗಿ ಕಂಪನಿ ಕಾಲದವನ್ನು ಚಿಕ್ಕಪ್ಪನ ಬಳಿ ಬಿಟ್ಟು, ಉಳಿದವನ್ನು ರಿಸರ್ಚ್ ಟ್ರಯಾಂಗಲ್ ಪಾರ್ಕ್ ಪಕ್ಕದ ನಮ್ಮ ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದೆವು.

ಮಗಳು 1947ರ ನಿಕಲ್ ರೂಪಾಯಿ ಎತ್ತಿಕೊಂಡಳು. ಒಂದು ಕಡೆ ಹುಲಿ, ಇನ್ನೊಂದು ಕಡೆ ಕಿರೀಟ ತೊಟ್ಟ ಆರನೇ ಜಾರ್ಜ್. “ಸ್ವಾತಂತ್ರ್ಯ ಬಂತಲ್ಲ, ಈ ರಾಜ ಇನ್ನೂ ಯಾಕೆ ಇದಾನೆ?” ಎಂದಳು.

ಪ್ರಶ್ನೆ ನ್ಯಾಯವಾದದ್ದೇ. ಬಾವುಟ ಒಂದು ರಾತ್ರಿಯಲ್ಲಿ ಬದಲಾಯಿತು, ಜೇಬು ಬದಲಾಗಲಿಲ್ಲ. ಸ್ವತಂತ್ರ ಭಾರತದ ಸ್ವಂತ ನಾಣ್ಯಗಳು ಬಂದದ್ದು ಸರಿಯಾಗಿ ಮೂರು ವರ್ಷದ ಮೇಲೆ, 1950ರ ಆಗಸ್ಟ್ 15ರಂದು. ರಾಜನ ಜಾಗಕ್ಕೆ ಯಾವ ನಾಯಕರೂ ಬರಲಿಲ್ಲ, ಸಾರನಾಥದ ಸಿಂಹಗಳು ಬಂದವು. ಹುಲಿಯ ಬದಲು ರೂಪಾಯಿಯ ಮೇಲೆ ಗೋಧಿ ತೆನೆ, ಎರಡಾಣೆ ಒಂದಾಣೆಗಳ ಮೇಲೆ ಗೂಳಿ, ಪುಟ್ಟ ಪೈಸೆಯ ಮೇಲೆ ಕುದುರೆ. ಆ ಗೂಳಿ, ಕುದುರೆಗಳೂ ಅದೇ ಸಿಂಹಗಳ ಪೀಠದಲ್ಲಿರುವಂಥವೇ.

ಮುಖ ಬದಲಾದರೂ ಲೆಕ್ಕ ಹಳೆಯದೇ: ರೂಪಾಯಿಗೆ 16 ಆಣೆ, 64 ಪೈಸೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆ ಆಯಿತು. ಆಣೆಯೊಂದಕ್ಕೆ ಆರೂಕಾಲು ಪೈಸೆ ಬರಬೇಕು, ಕಾಲು ಪೈಸೆ ಎಲ್ಲಿಂದ ತರುವುದು? ಒಂದಾಣೆಗೆ 6, ನಾಲ್ಕಾಣೆಗೆ 25 ಎಂದು ನಿಗದಿಯಾಯಿತು. ಬಿಡಿಬಿಡಿಯಾಗಿ ನಾಲ್ಕು ಸಲ ಒಂದಾಣೆ ಬದಲಾಯಿಸಿದವನಿಗೆ ಸಿಕ್ಕುವುದು 24! ನಾವು ಸಾಫ್ಟ್‌ವೇರಿನವರು ಇವತ್ತಿಗೂ ಹೆದರುವ ರೌಂಡಿಂಗ್ ಎರರ್ ಇದೇ.

ಆಫೀಸಿನಲ್ಲಿ ಇದನ್ನು ಹೇಳಿದಾಗ ಇಲ್ಲಿಯವರೇ ಆದ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. ಅವರ ತಾತ ಕ್ವಾರ್ಟರ್‌ಗೆ ‘ಟೂ ಬಿಟ್ಸ್’ ಎನ್ನುತ್ತಿದ್ದರಂತೆ. ಸ್ಪೇನಿನ ಬೆಳ್ಳಿ ಡಾಲರಿನ ಎಂಟನೇ ಒಂದು ಪಾಲು ‘ಬಿಟ್’. 1776ರಲ್ಲಿ ಸ್ವಾತಂತ್ರ್ಯ ಸಾರಿ, 1792ರಲ್ಲಿ ಸ್ವಂತ ಟಂಕಸಾಲೆಗೆ ಕಾನೂನು ಮಾಡಿಕೊಂಡ ಅಮೆರಿಕದಲ್ಲೂ ಸ್ಪೇನಿನ ನಾಣ್ಯಕ್ಕೆ 1857ರವರೆಗೆ ಕಾನೂನಿನ ಮಾನ್ಯತೆ ಇತ್ತು. ಇನ್ನೊಂದು ತಮಾಷೆ: ನ್ಯೂಯಾರ್ಕ್ ಷೇರುಪೇಟೆ 1997ರಿಂದ 2001ರವರೆಗೆ ಡಾಲರಿನ ಹದಿನಾರನೇ ಒಂದು ಪಾಲಿನಲ್ಲಿ ಬೆಲೆ ಹೇಳುತ್ತಿತ್ತು. ಅಂದರೆ ಅಪ್ಪಟ ಆಣೆ ಲೆಕ್ಕ!

ಸಂಗ್ರಹಕ್ಕೆ ಇಳಿಯುವವರಿಗೆ ಒಂದು ಕಿವಿಮಾತು: ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕುದುರೆ ಪೈಸೆಯೊಂದನ್ನು ನಾವು ಹಾಗೆ ತಿಕ್ಕಿ ಕೆಡಿಸಿದ್ದೇವೆ. ಫಳಫಳ ಹೊಳೆಯಿತು, ಆದರೆ ಎಪ್ಪತ್ತು ವರ್ಷ ಕೈಯಿಂದ ಕೈಗೆ ದಾಟಿ ಕೂತಿದ್ದ ಬಣ್ಣ ಹೋಯಿತು. ಸಂಗ್ರಾಹಕರು ಬೆಲೆ ಕೊಡುವುದು ಆ ಬಣ್ಣಕ್ಕೇ.

ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. ಅಜ್ಜಿ ಮಾತ್ರ ಕೊನೆಯವರೆಗೂ ಐವತ್ತು ಪೈಸೆಗೆ ‘ಎಂಟಾಣೆ’ ಎಂದೇ ಅನ್ನುತ್ತಿದ್ದರು. ನಾವೂ ನಂಬಿಕಸ್ತ ಮಾತಿಗೆ ‘ಹದಿನಾರಾಣೆ ಸತ್ಯ’ ಅನ್ನುತ್ತೇವೆ. ಮಗಳಿಗೆ ಅದು ಅರ್ಥವಾಗುತ್ತಿರಲಿಲ್ಲ. ಈಗ ಪ್ರತಿ ನಾಣ್ಯದ ಜೊತೆ ಒಂದು ಚೀಟಿ ಇಟ್ಟಿದ್ದೇವೆ. ಅದರಲ್ಲಿ ಇಸವಿ, ಲೋಹಗಳ ಜೊತೆಗೆ ಅಜ್ಜಿ ಕರೆಯುತ್ತಿದ್ದ ಹೆಸರೂ ಇದೆ. ಬರೆದವಳು ಮಗಳೇ, ಕನ್ನಡದಲ್ಲಿ.

ನಿಮ್ಮ ಮನೆಯ ಡಬ್ಬಿಯಲ್ಲಿ ಏನಿದೆ? ಮುಂದಿನ ಸಲ ಸೇರುವಾಗ ತನ್ನಿ. ತಿಕ್ಕದೆ ತನ್ನಿ.