ಕಂಡವರ ಮಾತು, ಬೇರೆಡೆ ಇದ್ದವನ ಮಾತು: ಸ್ಯಾಕೊ–ವಾನ್ಜೆಟ್ಟಿ ವಿಚಾರಣೆ

ಅಪರಾಧ ವಿಚಾರಣೆಗಳಲ್ಲಿ ಎರಡು ಬಗೆಯ ಸಾಕ್ಷ್ಯಗಳು ಎದುರುಬದುರಾಗುವುದುಂಟು. 'ಈತನನ್ನೇ ನಾನು ಅಲ್ಲಿ ಕಂಡೆ' ಎನ್ನುವುದು ಪ್ರತ್ಯಕ್ಷಸಾಕ್ಷ್ಯ. 'ಆ ಹೊತ್ತಿನಲ್ಲಿ ಈತ ಬೇರೆ ಕಡೆ ಇದ್ದ' ಎನ್ನುವುದು ಅಲಿಬಿ. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ 'ಬೇರೆಡೆ' ಎಂದೇ ಅರ್ಥ. ಒಬ್ಬನೇ ವ್ಯಕ್ತಿ ಏಕಕಾಲದಲ್ಲಿ ಎರಡು ಸ್ಥಳಗಳಲ್ಲಿ ಇರಲಾರ. ಹಾಗಾದರೆ ಯಾರ ಮಾತನ್ನು ನಂಬಬೇಕು? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನಡೆದ ಒಂದು ವಿಚಾರಣೆಯನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ದರೋಡೆ ಮತ್ತು ಬಂಧನ

1920ರ ಏಪ್ರಿಲ್ 15ರಂದು ಮಧ್ಯಾಹ್ನ 3 ಗಂಟೆಯ ಸುಮಾರಿಗೆ, ಬಾಸ್ಟನ್ನಿನ ದಕ್ಷಿಣಕ್ಕಿರುವ ಸೌತ್ ಬ್ರೇನ್‌ಟ್ರೀಯಲ್ಲಿ ದರೋಡೆಯೊಂದು ನಡೆಯಿತು. ಪಾದರಕ್ಷೆ ಕಾರ್ಖಾನೆಯ ಸಂಬಳದ ಹಣ ಒಯ್ಯುತ್ತಿದ್ದ ಇಬ್ಬರು ನೌಕರರನ್ನು ಗುಂಡಿಕ್ಕಿ ಕೊಂದು, 15,000 ಡಾಲರಿಗೂ ಹೆಚ್ಚು ಹಣದೊಂದಿಗೆ ದರೋಡೆಕೋರರು ಕಾರಿನಲ್ಲಿ ಪರಾರಿಯಾದರು. ಮೇ 5ರಂದು ಇಬ್ಬರು ಇಟಲಿ ವಲಸಿಗರು ಬಂಧಿತರಾದರು: ಪಾದರಕ್ಷೆ ಕಾರ್ಮಿಕ ನಿಕೊಲಾ ಸ್ಯಾಕೊ ಮತ್ತು ಮೀನು ಮಾರುತ್ತಿದ್ದ ಬಾರ್ಟೊಲೊಮಿಯೊ ವಾನ್ಜೆಟ್ಟಿ. ಇಬ್ಬರೂ ಅರಾಜಕತಾವಾದಿಗಳು; ಬಂಧನದ ವೇಳೆ ಇಬ್ಬರ ಬಳಿಯೂ ಬಂದೂಕುಗಳಿದ್ದವು. 1921ರಲ್ಲಿ ಡೆಡ್‌ಹ್ಯಾಮ್ ನ್ಯಾಯಾಲಯದಲ್ಲಿ ನ್ಯಾಯಾಧೀಶ ವೆಬ್‌ಸ್ಟರ್ ಥೇಯರ್ ಅವರ ಮುಂದೆ ಆರು ವಾರಗಳ ವಿಚಾರಣೆ ನಡೆಯಿತು.

ಮೂರು ಸೆಕೆಂಡಿನ ನೋಟ

ಸ್ಯಾಕೊನನ್ನು ಗುರುತಿಸಿದವರಲ್ಲಿ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಒಬ್ಬ ಮಹಿಳೆ ಮುಖ್ಯರು. ಆಕೆ ಮಹಡಿಯ ಕಿಟಕಿಯಿಂದ, 60ರಿಂದ 80 ಅಡಿ ದೂರದಲ್ಲಿ, ಗಂಟೆಗೆ 15–18 ಮೈಲಿ ವೇಗದಲ್ಲಿ ಸಾಗುತ್ತಿದ್ದ ಕಾರಿನಲ್ಲಿ ಒಬ್ಬ ಅಪರಿಚಿತನನ್ನು ಕಂಡಿದ್ದರು. ನೋಟಕ್ಕೆ ದೊರೆತ ಅವಧಿ ಒಂದೂವರೆಯಿಂದ ಮೂರು ಸೆಕೆಂಡು ಮಾತ್ರ. ಘಟನೆಯ ನಂತರ ಕೆಲವೇ ವಾರಗಳಲ್ಲಿ ನಡೆದ ಪ್ರಾಥಮಿಕ ವಿಚಾರಣೆಯಲ್ಲಿ, ಇವನೇ ಅವನೆಂದು ಖಚಿತವಾಗಿ ಹೇಳುವಷ್ಟು ಅವಕಾಶ ತಮಗಿರಲಿಲ್ಲ ಎಂದಿದ್ದರು. ಒಂದು ವರ್ಷ ಕಳೆದ ಮೇಲಾದರೋ ಅವನ ಹಣೆ, ಹುಬ್ಬು, ಕೂದಲಿನ ಉದ್ದ, ಕೈಯ ಗಾತ್ರಗಳನ್ನು ವರ್ಣಿಸಿ, ಅವನು ಸ್ಯಾಕೊನೇ ಎಂದು ಖಚಿತವಾಗಿ ನುಡಿದರು.

ಕಾಲ ಸರಿದಂತೆ ನೆನಪು ಮಸುಕಾಗಬೇಕು. ಇಲ್ಲಿ ಅದು ಸ್ಪಷ್ಟವಾಗುತ್ತಾ ಹೋಗಿದೆ. ಇದಕ್ಕೆ ಆಕೆ ಸುಳ್ಳು ಹೇಳಿರಲೇಬೇಕೆಂದೇನಿಲ್ಲ. ಆರೋಪಿಗಳನ್ನು ಇತರರ ಸಾಲಿನಲ್ಲಿ ನಿಲ್ಲಿಸದೆ, ಒಂಟಿಯಾಗಿ ಸಾಕ್ಷಿಗಳಿಗೆ ತೋರಿಸಲಾಗಿತ್ತು. ದರೋಡೆಕೋರರ ಭಂಗಿಯಲ್ಲಿ ನಿಲ್ಲುವಂತೆಯೂ ಮಾಡಲಾಗಿತ್ತು. ಆಮೇಲೆ ಕಂಡ ಮುಖ ಮೊದಲು ಕಂಡ ಮುಖದ ಜಾಗವನ್ನು ಆಕ್ರಮಿಸಬಲ್ಲದು. ಇಂಥ ಅಪಾಯವನ್ನು ಅದೇ ರಾಜ್ಯದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹ್ಯೂಗೊ ಮುನ್‌ಸ್ಟರ್‌ಬರ್ಗ್ 1908ರಷ್ಟು ಹಿಂದೆಯೇ ಸಾಕ್ಷಿಗಳ ಕುರಿತ ತಮ್ಮ ಪುಸ್ತಕದಲ್ಲಿ ಚರ್ಚಿಸಿದ್ದರು.

ದೊಡ್ಡ ಭಾವಚಿತ್ರ

ಸ್ಯಾಕೊ ಅಂದು ಕೆಲಸಕ್ಕೆ ಹೋಗಿರಲಿಲ್ಲ. ಪಾಸ್‌ಪೋರ್ಟಿಗಾಗಿ ಬಾಸ್ಟನ್ನಿನ ಇಟಲಿ ಕಾನ್ಸುಲ್ ಕಚೇರಿಗೆ ಹೋಗಿದ್ದೆ ಎಂಬುದು ಅವನ ಅಲಿಬಿ. ಅಷ್ಟರಲ್ಲಿ ಇಟಲಿಗೆ ಮರಳಿದ್ದ ಆ ಕಚೇರಿಯ ಗುಮಾಸ್ತ ಅಲ್ಲಿಂದಲೇ ಹೇಳಿಕೆ ನೀಡಿ ಇದನ್ನು ಸಮರ್ಥಿಸಿದ. ದಿನವೂ ನೂರಾರು ಜನ ಬರುವ ಕಡೆ ಒಬ್ಬನ ನೆನಪು ಉಳಿದದ್ದು ಹೇಗೆ? ಚಿಕ್ಕ ಭಾವಚಿತ್ರ ತರಬೇಕಾದಲ್ಲಿ ಸ್ಯಾಕೊ ಕುಟುಂಬದ ದೊಡ್ಡ ಚಿತ್ರವನ್ನೇ ತಂದಿದ್ದ. ಅದನ್ನು ಕಂಡು ಕಚೇರಿಯಲ್ಲಿ ನಕ್ಕಿದ್ದರಂತೆ.

ವ್ಯಕ್ತಿ ನೆನಪಿರಲು ಇದು ಒಳ್ಳೆಯ ಕಾರಣ. ಆದರೆ ದಿನಾಂಕ ನೆನಪಿರಲು? ನಿಜವಾಗಿ ನಡೆದ ಭೇಟಿಯನ್ನೂ ಮನಸ್ಸು ಬೇರೊಂದು ದಿನಕ್ಕೆ ಜೋಡಿಸಬಲ್ಲದು. ಅಲಿಬಿಯ ದುರ್ಬಲ ಕೊಂಡಿ ಇದೇ. ವಾನ್ಜೆಟ್ಟಿ ಅಂದು ಪ್ಲಿಮತ್‌ನಲ್ಲಿ ಮೀನು ಮಾರುತ್ತಿದ್ದನೆಂದು ಹೇಳಿದವರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ತಕ್ಕಡಿ ಒಂದೇ ಇರಬೇಕು

ಎರಡೂ ಪಕ್ಷದವರು ನೆಚ್ಚಿದ್ದು ನೆನಪನ್ನೇ. ಆದ್ದರಿಂದ ಪರೀಕ್ಷೆಯೂ ಒಂದೇ ಆಗಿರಬೇಕು: ನೋಡುವ ಅವಕಾಶ ಎಷ್ಟಿತ್ತು? ಮೊದಲ ಹೇಳಿಕೆ ಏನು? ನಡುವೆ ಸೂಚನೆ ಸಿಕ್ಕಿತೆ? ನೆನಪಿನಿಂದ ಸ್ವತಂತ್ರವಾದ ದಾಖಲೆ ಇದೆಯೆ? ಗುಮಾಸ್ತನ ನೆನಪನ್ನು ಶಂಕಿಸಿದ ಸರ್ಕಾರಿ ವಕೀಲರು, ಮೂರು ಸೆಕೆಂಡಿನ ನೋಟವನ್ನು ನಂಬುವಂತೆ ಜ್ಯೂರಿಯನ್ನು ಕೇಳಿದರು.

ಜ್ಯೂರಿ ಇಬ್ಬರನ್ನೂ ಅಪರಾಧಿಗಳೆಂದಿತು. ತೀರ್ಪು ಪ್ರತ್ಯಕ್ಷಸಾಕ್ಷಿಗಳನ್ನು ಆಧರಿಸಿರಲಿಲ್ಲವೆಂದೂ, ಬಂಧನದ ವೇಳೆಯ ಆರೋಪಿಗಳ ನಡವಳಿಕೆಯೇ ಮುಖ್ಯವಾಗಿತ್ತೆಂದೂ ಥೇಯರ್ ಅವರೇ 1924ರಲ್ಲಿ ಬರೆದರು. 1927ರ ಆಗಸ್ಟ್ 23ರಂದು ಇಬ್ಬರಿಗೂ ಮರಣದಂಡನೆಯಾಯಿತು. 1977ರಲ್ಲಿ ರಾಜ್ಯದ ಗವರ್ನರ್ ಮೈಕೆಲ್ ಡುಕಾಕಿಸ್ ವಿಚಾರಣೆ ನ್ಯಾಯಯುತವಾಗಿರಲಿಲ್ಲವೆಂದು ಘೋಷಿಸಿದರು. ಅಪರಾಧ ಯಾರದೆಂದು ಅವರು ತೀರ್ಮಾನಿಸಲಿಲ್ಲ. 1961 ಮತ್ತು 1983ರ ಪರೀಕ್ಷೆಗಳು ಒಂದು ಗುಂಡು ಸ್ಯಾಕೊನ ಪಿಸ್ತೂಲಿನದೆಂದು ಸೂಚಿಸಿದವು. ಆ ಗುಂಡೇ ಬದಲಾಗಿರಬಹುದೆಂಬ ವಾದವೂ ಇದೆ.

ಸ್ಯಾಕೊ ತಪ್ಪಿತಸ್ಥನಾಗಿದ್ದರೂ ಮೂರು ಸೆಕೆಂಡಿನ ನೋಟ ಉತ್ತಮ ಸಾಕ್ಷ್ಯವಾಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ತಪ್ಪು ಅಳತೆಗೋಲು ಒಮ್ಮೊಮ್ಮೆ ಸರಿಯುತ್ತರ ಕೊಟ್ಟೀತು. ಅದರಿಂದ ಅಳತೆಗೋಲು ಸರಿಹೋಗದು. ಶಿಕ್ಷಕರು ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಒಬ್ಬ ಅಪರಿಚಿತರು ಮೂರು ಸೆಕೆಂಡು ಬಾಗಿಲಲ್ಲಿ ಕಾಣಿಸಿಕೊಂಡು ಹೋಗಲಿ. ಮಕ್ಕಳು ಅಂದೇ ಅವರ ವರ್ಣನೆ ಬರೆಯಲಿ, ತಿಂಗಳ ನಂತರ ಮತ್ತೊಮ್ಮೆ ಬರೆಯಲಿ. ಎರಡನ್ನೂ ಹೋಲಿಸಿದಾಗ ನೆನಪಿನ ಸ್ವಭಾವ ಅವರಿಗೇ ತಿಳಿಯುತ್ತದೆ.